ಕೂಸು ಮಲಗಿದೆ ಅಂತ ನಾವು ಗಾಡಿ ನಿಲ್ಲಿಸಲೇ ಇಲ್ಲ

ನಾನು ಬಾಗಲಕೋಟೆ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಹನ್ನೊಂದು ವರ್ಷ ಆಯಿತು. 'ಎರಡು ತಾಸಿಗೊಮ್ಮೆ ಹಾಲು ಕೊಡ್ರಿ' ಅಂತ ಬಾಣಂತಿಯರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಈ ಪ್ರಕರಣ ನನ್ನ ಸ್ವಂತ ತಂಗಿಯದು. ಆ ದಿನ ಅದೇ ಗಾಡಿಯಲ್ಲಿ ನಾನೂ ಕೂತಿದ್ದೆ, ಬ್ಯಾಗಿನಲ್ಲಿ ಥರ್ಮಾಮೀಟರ್ ಕೂಡ ಇತ್ತು, ಆದರೂ ಹೀಗಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ತಂಗಿ ಮತ್ತು ಅವಳ ಗಂಡನನ್ನು ಕೇಳಿದೆ, ಬರಿ ಆದರೆ ಹೆಸರು ಬೇಡ ಅಂದರು. ಅವನನ್ನು ನಮ್ಮ ಮನೆಯಲ್ಲಿ ಎಲ್ಲರೂ ಅಳಿಯ ಅನ್ನುತ್ತಾರೆ, ಇಲ್ಲೂ ಹಾಗೇ ಇರಲಿ.

ಯಾರು, ಎಲ್ಲಿಂದ ಎಲ್ಲಿಗೆ

ತಂಗಿಗೆ 24 ವರ್ಷ, ಚೊಚ್ಚಲ ಹೆರಿಗೆ. ಅಳಿಯ ಗೌಂಡಿ. ಹುನಗುಂದ, ಬಾದಾಮಿ, ಮುದ್ದೇಬಿಹಾಳದ ಕಡೆಯ ಎಷ್ಟೋ ಮನೆಗಳ ಹಾಗೆ ಇವರೂ ದುಡಿಯಲು ಗೋವಾಕ್ಕೆ ಹೋದವರು. ಮಡಗಾಂವ್ ಹತ್ತಿರ ಒಂದು ಖೋಲಿ, ಮೇಲೆ ಶೀಟು. ಏಳನೇ ತಿಂಗಳಲ್ಲಿ ಕುಬಸ ಮಾಡಿ ತವರಿಗೆ ಕರೆದುಕೊಂಡು ಬರಬೇಕು ಅಂತ ಮೊದಲೇ ಮಾತಾಗಿತ್ತು. ಅಷ್ಟರಲ್ಲಿ ಬಿಪಿ ಏರಿತು. ಇಷ್ಟು ದೂರದ ಪ್ರಯಾಣ ಬೇಡವೇ ಬೇಡ ಅಂದರು ಅಲ್ಲಿನ ಡಾಕ್ಟರು. ಅವ್ವನೇ ಹೊಲ-ಮನೆ ಅಪ್ಪನ ಮೇಲೆ ಹಾಕಿ ಗೋವಾಕ್ಕೆ ಹೋದಳು.

37 ವಾರ ತುಂಬಿ ಎರಡು ದಿನಕ್ಕೆ ಸಹಜ ಹೆರಿಗೆಯಾಯಿತು. ಹೆಣ್ಣು ಕೂಸು, 2.3 ಕಿಲೋ. 2.5 ಕಿಲೋ ಮುಟ್ಟದಿದ್ದರೆ ಕಡಿಮೆ ತೂಕದ ಕೂಸು ಅಂತಲೇ ಲೆಕ್ಕ. ಮೂರನೇ ದಿನಕ್ಕೆ ಕಾಮಾಲೆ ಏರಿತು, ಎರಡು ದಿನ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಆರನೇ ದಿನ ಮನೆಗೆ ಕಳಿಸುವಾಗ ತೂಕ 2.14. ಮೊದಲ ವಾರ ಕೂಸು ಸ್ವಲ್ಪ ಇಳಿಯುವುದು ಸಹಜ, ಆದರೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇಳಿಯಬಾರದು, ಸುಮಾರು ಎರಡು ವಾರಕ್ಕೆ ಹುಟ್ಟಿದ ತೂಕಕ್ಕೆ ಮರಳಬೇಕು. ಇದಿಷ್ಟು ನಾನು ಫೋನಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆಸ್ಪತ್ರೆಯ ಕಾಗದವೆಲ್ಲ ಇಂಗ್ಲಿಷಿನಲ್ಲಿ, ಡಾಕ್ಟರು ಮಾತಾಡುವುದು ಕೊಂಕಣಿ, ಹಿಂದಿ. ಅಳಿಯ ಪ್ರತಿ ಕಾಗದದ ಫೋಟೊ ತೆಗೆದು ನನಗೆ ಕಳಿಸುತ್ತಿದ್ದ, ನಾನು ಓದಿ ಹೇಳುತ್ತಿದ್ದೆ.

ಐದೇಶಿ, ಅಂದರೆ ಐದನೇ ದಿನದ ಪೂಜೆ, ಆಸ್ಪತ್ರೆಯಲ್ಲೇ ಕಳೆದುಹೋಯಿತು ಅನ್ನುವುದು ಅವ್ವನ ಕೊರಗು. ತೊಟ್ಟಿಲಿಗೆ ಹಾಕುವುದಾದರೂ ಊರಲ್ಲಿ, ಹದಿಮೂರನೇ ದಿನಕ್ಕೇ ಆಗಬೇಕು ಅಂತ ಹಟ ಹಿಡಿದಳು. ಹಟದಲ್ಲಿ ಅರ್ಥ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಮೇ ಕೊನೆ, ರೋಹಿಣಿ ಮಳೆ ಹಿಡಿಯುವ ಹೊತ್ತು. ಗೋವಾದ ಮಳೆ ಸುರುವಾದರೆ ಆ ಖೋಲಿ ಸೋರುತ್ತದೆ, ಘಾಟಿನ ದಾರಿಯೂ ಕೆಡುತ್ತದೆ. ಅಳಿಯನಿಗೆ ದಿನಗೂಲಿ. ಅವ್ವ ಎಷ್ಟು ದಿನ ಅಂತ ಅಲ್ಲಿರುತ್ತಾಳೆ? ಹೋಗುವುದಂತೂ ಹೋಗಲೇಬೇಕಿತ್ತು. ಯಾವಾಗ, ಹೇಗೆ ಅನ್ನುವುದಷ್ಟೇ ಪ್ರಶ್ನೆ.

ಹದಿನೈದನೇ ದಿನ ತೂಕ ನೋಡಿಯೇ ಹೇಳುತ್ತೇನೆ ಅಂದರು ಅಲ್ಲಿನ ಮಕ್ಕಳ ಡಾಕ್ಟರು. ಅವ್ವ ಮುನಿಸಿಕೊಂಡಳು. ಆಮೇಲೆ ಕ್ಯಾಲೆಂಡರ್ ನೋಡಿದರೆ ನಡುವೆ ಅಮಾವಾಸ್ಯೆ. ಬಾಣಂತಿಯನ್ನು ಕರಕೊಂಡು ಅಮಾಸಿಗೆ ಹೊಸಲು ದಾಟುವುದುಂಟೇ! ಡಾಕ್ಟರಿಗೆ ಒಪ್ಪದ ಅವ್ವ ಅಮಾಸಿಗೆ ಒಪ್ಪಿದಳು. ಹದಿನೈದನೇ ದಿನ ತೂಕ 2.34 ಬಂತು, ಕಾಮಾಲೆ ಇಳಿದಿತ್ತು, ದಿನಕ್ಕೆ ಏಳೆಂಟು ಸಲ ಉಚ್ಚೆ ಹೊಯ್ಯುತ್ತಿತ್ತು. ಡಾಕ್ಟರು ಹೂಂ ಅಂದರು, ಜೊತೆಗೆ ಎರಡು ಮಾತು: ಮೂರು ತಾಸು ಮೀರಿ ಹಾಲಿಲ್ಲದೆ ಬಿಡಬೇಡಿ, ಮಲಗಿದ್ದರೂ ಎಬ್ಬಿಸಿ ಕೊಡಿ. ಹತ್ತೊಂಬತ್ತನೇ ದಿನ ಹೊರಡುವುದು ಅಂತ ಆಯಿತು.

ರೈಲೋ ಗಾಡಿಯೋ

ರೈಲಿನ ಬಗ್ಗೆ ನನಗೆ ಆಸೆಯಿತ್ತು. ಬಾಣಂತಿ ಕಾಲು ಚಾಚಿ ಮಲಗಬಹುದು, ಎದ್ದು ಓಡಾಡಬಹುದು, ಪಾಯಖಾನೆ ಕೈಯಳತೆಯಲ್ಲಿ ಇರುತ್ತದೆ. ಕ್ಯಾಸಲ್‌ರಾಕ್ ಮೇಲೆ ಹುಬ್ಬಳ್ಳಿ, ಅಲ್ಲಿ ಇಳಿದು ಗದಗ ಮೇಲೆ ಬಾಗಲಕೋಟೆಯ ಗಾಡಿ. ಆದರೆ ಹುಬ್ಬಳ್ಳಿಯಲ್ಲಿ ಇಳಿದು ಹತ್ತಬೇಕು, ಗಂಟು-ಮೂಟೆ ಬೇರೆ, ಹೊಲಿಗೆ ಬಿದ್ದ ಬಾಣಂತಿ ಮೇಲ್ಸೇತುವೆಯ ಮೆಟ್ಟಿಲು ಹತ್ತಬೇಕು. ಜನರಲ್ ಬೋಗಿಯ ಕೆಮ್ಮು-ನೆಗಡಿ ಇನ್ನೊಂದು ಭಯ. ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ನಮ್ಮೂರಿನ ಹುಡುಗನ ಏಳು ಸೀಟಿನ ಬಾಡಿಗೆ ಗಾಡಿ ಮಾಡಿದೆವು. ಅವನ ಜೊತೆ ಹಿಂದಿನ ದಿನವೇ ನಾನು ಗೋವಾಕ್ಕೆ ಹೋದೆ.

ದಾರಿ ಹೀಗೆ: ಮಡಗಾಂವ್, ಪೋಂಡಾ, ಮೊಲೆಂ, ಅನಮೋಡ ಘಾಟ್, ರಾಮನಗರ, ಲೋಂಡಾ, ಖಾನಾಪುರ, ಬೆಳಗಾವಿ. ಅಲ್ಲಿಂದ ಸಾಂಬ್ರಾ, ನೇಸರಗಿ, ಯರಗಟ್ಟಿ, ಲೋಕಾಪುರ, ಕಲಾದಗಿ, ಬಾಗಲಕೋಟೆ. ಮುಂದೆ ಕಮತಗಿ ದಾಟಿ ಅಮೀನಗಡದ ಹತ್ತಿರ ನಮ್ಮೂರು. ಒಟ್ಟು ಮುನ್ನೂರು ಕಿಲೋಮೀಟರಿನ ಮೇಲೆ. ಒಬ್ಬರೇ ಹೋದರೆ ಏಳು ತಾಸು. ನಾನು ಹನ್ನೊಂದು ತಾಸು ಹಿಡಿದಿದ್ದೆ, ಅದರಲ್ಲಿ ಹಾಲಿಗಾಗಿ ಐದು ನಿಲುಗಡೆ. ಹಾಳೆಯ ಮೇಲೆ ಬರೆದೂ ಇಟ್ಟಿದ್ದೆ. ಆ ಹಾಳೆ ಈಗಲೂ ನನ್ನ ಡೈರಿಯಲ್ಲಿದೆ, ನೋಡಿದಾಗೆಲ್ಲ ಮುಖಕ್ಕೆ ಹೊಡೆದ ಹಾಗಾಗುತ್ತದೆ.

ಕಾಗದಪತ್ರದ ವಿಷಯದಲ್ಲಿ ಮಾತ್ರ ನಾವು ಶಾಣ್ಯಾತನ ಮಾಡಿದ್ದೆವು. ಹುಟ್ಟಿದ್ದು ಎಲ್ಲಿಯೋ ಜನನ ನೋಂದಣಿಯೂ ಅಲ್ಲೇ ಆಗಬೇಕು, 21 ದಿನದೊಳಗೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನ-ಜಾಗಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಊರಿಗೆ ಬಂದಮೇಲೆ ಅದೊಂದು ಕಾಗದಕ್ಕಾಗಿ ಮತ್ತೆ ಘಾಟ್ ಇಳಿಯುವುದು ಯಾರಿಗೆ ಬೇಕು? ಹೆಸರು ಇಟ್ಟಿಲ್ಲ ಅಂತ ಕಾಯಬೇಕಿಲ್ಲ, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತಾಯಿ ಕಾರ್ಡ್, ಬಿಡುಗಡೆ ಪತ್ರ, ಹುಟ್ಟಿದಾಗ ಹಾಕಿದ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ದಾಖಲೆ, ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಂಡೆವು. ಆ ಚೀಲ ಅದೇ ದಿನ ಉಪಯೋಗಕ್ಕೆ ಬಂತು.

ಕೂಸನ್ನು ಕೂರಿಸುವ ಸೀಟು ಬೇರೆ ಇತ್ತು. ಅಳಿಯ ಟೈಲ್ಸ್ ಹಾಕಿದ ಒಂದು ಮನೆಯವರು, ನಮ್ಮ ಮಗ ದೊಡ್ಡವನಾದ ಅಂತ ಹಳೆಯದನ್ನು ಕೊಟ್ಟಿದ್ದರು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು, ಇಲ್ಲದಿದ್ದರೆ 1000 ರೂಪಾಯಿ ದಂಡ. ನಮ್ಮ ಕಡೆ ಯಾರೂ ಕೇಳುವುದಿಲ್ಲ ಬಿಡಿ, ಕೂಸು ಅಂದರೆ ತೊಡೆಯ ಮೇಲೆಯೇ. ಆದರೆ ಗಾಡಿ ಗಕ್ಕನೆ ನಿಂತರೆ ಯಾವ ತಾಯಿಯ ಕೈಯೂ ಕೂಸನ್ನು ಹಿಡಿದಿಟ್ಟುಕೊಳ್ಳಲಾರದು. ಅದಕ್ಕೆ ಸೀಟು ಸಿಕ್ಕಿದ್ದು ನನಗೆ ಖುಷಿಯೇ ಆಯಿತು. ಕೂಸಿನ ಮುಖ ಗಾಡಿಯ ಹಿಂದಕ್ಕೆ ಇರುವಂತೆ, ನಡುವಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕಟ್ಟಿದೆವು. ಅಲ್ಲಿಯವರೆಗೆ ಸರಿ. ಸೀಟು ದೊಡ್ಡದು, ಕೂಸು ಸಣ್ಣದು, ಮೆತ್ತಗಿರಲಿ ಅಂತ ಅಳಿಯ ತಲೆಯ ಹಿಂದೆ ಒಂದು ದುಪ್ಪಟಿ ಮಡಚಿ ಇಟ್ಟ. ನಾನು ನೋಡಿದೆ. ಏನೂ ಅನ್ನಲಿಲ್ಲ.

ಆ ದಿನ

ಬೆಳಿಗ್ಗೆ 5:40ಕ್ಕೆ ಹಾಲು ಕುಡಿಸಿ ಆರಕ್ಕೆ ಹೊರಟೆವು. ಮೊಲೆಂನಲ್ಲಿ ಏಳೂವರೆಗೆ ಮೊದಲ ನಿಲುಗಡೆ, ಕೂಸು ಚೆನ್ನಾಗಿ ಕುಡಿಯಿತು, ತೇಗಿತು, ಮಲಗಿತು. ಘಾಟಿನಲ್ಲಿ ಮಂಜು, ಸಣ್ಣ ಹನಿ. ಅಲ್ಲಿ ಥಂಡಿ ನಿಜವಾಗಿಯೂ ಇತ್ತು. ಅವ್ವ ತನ್ನ ಹಳೇ ಇಳಕಲ್ ಸೀರೆ ಹರಿದು ಮೊಮ್ಮಗಳಿಗಾಗಿ ಹೊಲಿದಿದ್ದ ಕೌದಿ ತೆಗೆದು ಹೊದಿಸಿದಳು. ತಲೆಗೆ ಕುಂಚಿಗೆ, ಕಾಲಿಗೆ ಸಾಕ್ಸು, ಕೈಗೆ ಚೀಲ. ಘಾಟಿನಲ್ಲಿ ಅದೆಲ್ಲ ಸರಿಯಾಗಿಯೇ ಇತ್ತು.

ಘಾಟಿನ ತಿರುವಿಗೆ ನನಗೆ ವಾಂತಿ ಬಂತು. ಡ್ರೈವರ್ ಪಕ್ಕದ ಸೀಟಿಗೆ ಬಂದು ಕೂತೆ, ಮಾತ್ರೆ ನುಂಗಿದೆ, ಕಣ್ಣು ಮುಚ್ಚಿದೆ. ಕೂಸು ನನ್ನ ಕಣ್ಣಳತೆಯಿಂದ ಹೋದದ್ದು ಆಗಲೇ. ಮೊಲೆಂ ಬಿಟ್ಟಮೇಲೆ ಕಾಡಿನಲ್ಲಿ ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಖಾನಾಪುರದ ಹತ್ತಿರ ಹತ್ತು ಗಂಟೆಗೆ ಇನ್ನೊಂದು ಸಲ ನಿಲ್ಲಿಸಿ ತಂಗಿ ಹಾಲು ಕೊಟ್ಟಳು, ಆದರೆ ರಸ್ತೆ ಬದಿ, ಜನ ನೋಡುತ್ತಾರೆ ಅಂತ ಸೆರಗು ಮರೆ ಮಾಡಿ ಗಡಿಬಿಡಿಯಲ್ಲಿ ಏಳೆಂಟು ನಿಮಿಷ. ಕೂಸು ಅರ್ಧಕ್ಕೇ ನಿದ್ದೆ ಹೋಯಿತು. ಸಾಕು ಅಂದುಕೊಂಡೆವು.

ಬೆಳಗಾವಿ ಮುಟ್ಟಿದಾಗ ಹನ್ನೊಂದು. ಎಲ್ಲರಿಗೂ ಹಸಿವು. ಅವ್ವ ಮತ್ತು ಕೂಸು ಗಾಡಿಯಲ್ಲೇ ಉಳಿದರು, ಉಳಿದವರು ನಾಷ್ಟಾ ಮಾಡಿ ಬಂದೆವು. ಎಂಜಿನ್ ಬಂದ್, ಕಿಟಕಿ ಬಂದ್. ಮೋಡ ಸರಿದು ಬಿಸಿಲು ಬಿದ್ದಿತ್ತು. ಮುಕ್ಕಾಲು ತಾಸು. ತಿರುಗಿ ಬಂದಾಗ ತಂಗಿ, ಹಾಲು ಕೊಡಲಾ ಅಂತ ಕೇಳಿದಳು. ಅವ್ವ ಬಾಯಿಗೆ ಬೆರಳಿಟ್ಟು ಹೇಳಿದಳು: "ಮಲಗೇತಿ, ಎಬ್ಬಸಬ್ಯಾಡ. ಎಷ್ಟ ಶಾಣ್ಯಾ ಕೂಸೈತಿ ನೋಡ, ಒಂದೀಟೂ ತ್ರಾಸ ಕೊಡವಲ್ದು." ಡ್ರೈವರ್ ಹುಡುಗ, ಹಂಗಾದ್ರ ಬಿರ್ರನೆ ಹೊಡೀತೀನಿ ಅಂದ. ನಾನು ಗಡಿಯಾರ ನೋಡಿದೆ, ಇನ್ನೂ ಎರಡು ತಾಸೂ ಆಗಿರಲಿಲ್ಲ. ಯರಗಟ್ಟಿಯಲ್ಲಿ ನಿಲ್ಲಿಸಿದರಾಯಿತು ಅಂದೆ. ಊರಿನ ಟ್ರಾಫಿಕ್ಕಿಗೇ ಅರ್ಧ ತಾಸು ಹೋಯಿತು.

ಸಾಂಬ್ರಾ ದಾಟಿದ ಮೇಲೆ ನಮ್ಮ ಕಡೆಯ ಬಿಸಿಲು ಸುರುವಾಯಿತು. ಎಸಿ ಹಚ್ಚಲು ಅವ್ವ ಬಿಡಲಿಲ್ಲ, ಬಾಣಂತಿಗೆ ಥಂಡಿ ಆಗಿಬರುವುದಿಲ್ಲ ಅಂತ. ಕಿಟಕಿ ತೆರೆಯಲೂ ಬಿಡಲಿಲ್ಲ, ಗಾಳಿ ಹೊಕ್ಕುತ್ತದೆ. ನೇಸರಗಿಯ ಸುಮಾರಿಗೆ ಅವ್ವ ಕೂಸಿನ ಸಾಕ್ಸಿನೊಳಗೆ ಬೆರಳು ಹಾಕಿ ನೋಡಿದಳಂತೆ. "ಕಾಲ ಥಣ್ಣಗದಾವ" ಅಂತ ಕೌದಿಯನ್ನು ಇನ್ನೊಂದು ಮಡಿಕೆ ಬಿಗಿ ಮಾಡಿದಳು. ಇದನ್ನು ಆಮೇಲೆ ಕೇಳಿ ತಿಳಿದೆ.

ಯರಗಟ್ಟಿ 1:25. ಬೇವಿನ ಮರದ ಕೆಳಗೆ ಗಾಡಿ ನಿಂತಿತು. ನಾನು ಹಿಂದಿನ ಬಾಗಿಲು ತೆಗೆದೆ.

ಕೂಸಿನ ಗದ್ದ ಎದೆಗೆ ಅಂಟಿತ್ತು. ಮುಖ ಕೆಂಪು. ಕೌದಿಯೊಳಗೆ ಕೈ ಹಾಕಿದರೆ ಒಲೆಯ ಪಕ್ಕದ ಗೋಡೆ ಮುಟ್ಟಿದ ಹಾಗೆ. ಕತ್ತಿನ ಹಿಂದೆ ಸುಡುತ್ತಿತ್ತು, ಕಾಲ ಬೆರಳು ಮಾತ್ರ ತಣ್ಣಗೆ. ತಟ್ಟಿದೆ, ಏಳಲಿಲ್ಲ. ಅಂಗಾಲಿಗೆ ಬೆರಳಿಂದ ಚಟ್ ಅಂತ ಹೊಡೆದೆ, ಕಣ್ಣು ಅರ್ಧ ತೆಗೆದು ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅಂದು ಮತ್ತೆ ಮುಚ್ಚಿತು. ಎದೆಗೆ ಹಚ್ಚಿದರೆ ಬಾಯಿ ತೆರೆಯಲಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ: 38.2 ಡಿಗ್ರಿ ಸೆಲ್ಸಿಯಸ್.

ಹನ್ನೊಂದು ವರ್ಷದ ಅನುಭವ ಆ ಒಂದು ನಿಮಿಷ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಕೈ ನಡುಗಿತು.

ಆಮೇಲೆ ಕೆಲಸ ತಾನೇ ಬಂತು. ಕೂಸನ್ನು ಸೀಟಿನಿಂದ ತೆಗೆದು, ಕೌದಿ, ಕುಂಚಿಗೆ, ಸಾಕ್ಸು ಎಲ್ಲ ಬಿಚ್ಚಿ, ಒಂದು ತೆಳು ಹತ್ತಿ ಬಟ್ಟೆಯಲ್ಲಿ ಮರದ ನೆರಳಿಗೆ ತಂದೆ. ಅವ್ವ ತಣ್ಣೀರು ಚಿಮುಕಿಸಲು ಬಂದಳು, ಬೇಡ ಅಂದೆ. ಗಾಳಿ ಮತ್ತು ನೆರಳು ಸಾಕಿತ್ತು, ತಣ್ಣೀರು ಹಾಕಿದರೆ ಇಷ್ಟು ಸಣ್ಣ ಮೈ ಉಲ್ಟಾ ಹೊಡೆದು ಥಂಡಿಗೆ ಬೀಳುತ್ತದೆ. ಹೋಟೆಲಿನವನು ಪಾಪ ಸಕ್ಕರೆ ನೀರು ತಂದ, ಅದನ್ನೂ ಬೇಡ ಅಂದೆ. ತಂಗಿ ಕೈಯಿಂದ ಹಾಲು ಹಿಂಡಲು ಕೂತಳು. ಬರಲಿಲ್ಲ. ಅಳುತ್ತಿದ್ದಳು. ಆಗಲೇ ಕೇಳಿದ್ದು, ನೀರು ಯಾವಾಗ ಕುಡಿದೆ ಅಂತ. ಬೆಳಿಗ್ಗೆಯಿಂದ ಎರಡು ಗುಟುಕು. ಒಂದು, ಬಾಣಂತಿ ಜಾಸ್ತಿ ನೀರು ಕುಡಿಯಬಾರದು ಅನ್ನುವ ಅವ್ವನ ಪಥ್ಯ. ಇನ್ನೊಂದು, ಅವಳೇ ತಲೆ ತಗ್ಗಿಸಿ ಹೇಳಿದ್ದು: "ದಾರ್ಯಾಗ ಎಲ್ಲಿ ಹೋಗೂದಕ್ಕಾ, ಹೊಲಿಗಿ ಉರೀತಾವ." ಹೆಣ್ಣುಮಕ್ಕಳು ಪ್ರಯಾಣದ ದಿನ ನೀರು ಬಿಡುವುದು ನಮಗೆಲ್ಲ ಎಷ್ಟು ರೂಢಿ ಅಂದರೆ ಅದನ್ನು ಕೇಳಬೇಕು ಅಂತಲೇ ನನಗೆ ಹೊಳೆದಿರಲಿಲ್ಲ. ಹೋಟೆಲಿನ ಹೆಣ್ಣುಮಗಳು ಒಂದು ಚರಗಿ ಮಜ್ಜಿಗೆ ತಂದು ಕೊಟ್ಟು, ಒಳಗೆ ತನ್ನ ಖೋಲಿಯಲ್ಲಿ ಕೂರಿಸಿದಳು. ಬಾಗಿಲು ಮುಚ್ಚಿ ಹತ್ತು ನಿಮಿಷಕ್ಕೆ ಹಾಲು ಇಳಿಯಿತು. ಒಳಲೆಯಿಂದ ಹನಿ ಹನಿಯಾಗಿ ತುಟಿಗೆ ಬಿಟ್ಟೆವು. ಮೊದಲ ನಾಲ್ಕೈದು ಹನಿ ಬಾಯಿಂದ ಹೊರಗೆ ಬಂತು. ಆಮೇಲೆ ನಾಲಿಗೆ ಆಡಿತು.

ಇಪ್ಪತ್ತು ನಿಮಿಷಕ್ಕೆ 37.7. ನಮ್ಮ ಕೇಂದ್ರದ ವೈದ್ಯಾಧಿಕಾರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಉಸಿರು ಪೂರಾ ಒಂದು ನಿಮಿಷ ಎಣಿಸಿ ಅಂದರು: 58. ಅರವತ್ತು ಮುಟ್ಟಿದರೆ ಅಪಾಯ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ದು ಸಕ್ಕರೆ ನೋಡಿಸಿ, ಅಲ್ಲಿಂದ ಮನೆಗೆ ಹೋಗದೆ ಸೀದಾ ಬಾಗಲಕೋಟೆಯ ಆಸ್ಪತ್ರೆಗೆ ಹೋಗಿ ಅಂದರು. ಬಟ್ಟೆ ಬಿಚ್ಚಿದ ಮೇಲೆ ಜ್ವರ ಇಳಿದಿದೆ ಅಂತ ಸುಮ್ನೆ ಮನೆಗೆ ಹೋಗುವುದು ಬೇಡ, ತಿಂಗಳೊಳಗಿನ ಕೂಸಿಗೆ 38 ದಾಟಿದೆ ಅಂದರೆ ಸೋಂಕು ಇಲ್ಲ ಅಂತ ಖಾತ್ರಿಯಾಗುವ ತನಕ ಇದೆ ಅಂತಲೇ ನೋಡಬೇಕು. ಇದು ನನಗೂ ಗೊತ್ತಿತ್ತು. ಆದರೂ ಆ ಹೊತ್ತಿಗೆ ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು.

ಹಿಮ್ಮಡಿ ಚುಚ್ಚಿ ನೋಡಿದಾಗ ಸಕ್ಕರೆ 54. ಪರವಾಗಿಲ್ಲ. ಜ್ವರ 37.2ಕ್ಕೆ ಇಳಿದಿತ್ತು, ಕೂಸು ಎದೆ ಹಿಡಿದು ಕುಡಿಯಿತು. ಎರಡೂವರೆಯ ಸುಮಾರಿಗೆ ಅಲ್ಲಿಂದ ಹೊರಟೆವು. ಈ ಸಲ ನಾನು ಹಿಂದೆ, ತಂಗಿಯ ಪಕ್ಕ. ಎಸಿ ಸಣ್ಣಗೆ, ಗಾಳಿ ನೇರ ಮೈಗೆ ಬಡಿಯದ ಹಾಗೆ. ತಲೆ ಹಿಂದಿನ ದುಪ್ಪಟಿ ತೆಗೆದು ಎರಡು ಪಕ್ಕಕ್ಕೆ ಸುರುಳಿ ಸುತ್ತಿ ಇಟ್ಟೆ, ಗದ್ದ ಎದೆಯಿಂದ ದೂರ ನಿಂತಿತು. ಅರ್ಧ ತಾಸಿಗೊಮ್ಮೆ ನಿಲ್ಲಿಸಿ ಕೂಸನ್ನು ಸೀಟಿನಿಂದ ಹೊರಗೆ ತೆಗೆದೆವು. ಲೋಕಾಪುರದಲ್ಲಿ ಹಾಲು. ಎಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಮೂರು ತಾಸು ಹಿಡಿಯಿತು. ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಅವ್ವ ಕೌದಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು.

ಬಾಗಲಕೋಟೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ರಕ್ತ ತೆಗೆದು ಸೋಂಕು ನೋಡಿದರು, ಏನೂ ಸಿಗಲಿಲ್ಲ. ತೂಕ 2.36. ನಾಲ್ಕು ದಿನಕ್ಕೆ ಕನಿಷ್ಠ 80 ಗ್ರಾಂ ಏರಬೇಕಾದಲ್ಲಿ 20 ಏರಿತ್ತು. ರಾತ್ರಿಯೆಲ್ಲ ಎರಡು ತಾಸಿಗೊಮ್ಮೆ ಹಾಲು, ಮತ್ತೆ ಜ್ವರ ಬರಲಿಲ್ಲ. ದುಡ್ಡು ಕೊಡುವ ಪ್ರಸಂಗ ಬರಲಿಲ್ಲ. 2011ರಲ್ಲಿ ಸುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಬಿದ್ದ ಕೂಸಿನ ಔಷಧ, ಪರೀಕ್ಷೆ ಎಲ್ಲ ಪುಕ್ಕಟೆ. ತಂಗಿಯ ಬಿಪಿಯೂ ನೋಡಿಸಿದೆ, ಬಸಿರಿನಲ್ಲಿ ಏರಿದ ಬಿಪಿ ಹೆರಿಗೆಯ ನಂತರದ ಆರು ವಾರದೊಳಗೂ ಮೇಲೆ ಹೋಗಬಹುದು. 130/84. ಪಾದ ಎರಡೂ ಊದಿದ್ದವು, ಎರಡೂ ಒಂದೇ ಸಮ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿದೆಯಾ ಅಂತ ಹೆದರಬೇಕು, ಬಾಣಂತಿಯರಿಗೆ ಆ ಭಯ ಜಾಸ್ತಿ. ಅಷ್ಟು ತಾಸು ಕಾಲು ಇಳಿಬಿಟ್ಟು ಕೂರಿಸಿದ್ದೆವಲ್ಲ. ಅದೊಂದು ತಪ್ಪಿನಿಂದ ಸುಮ್ನೆ ಪಾರಾದೆವು ಅಷ್ಟೆ.

ಎಲ್ಲಿ ಕೈ ತಪ್ಪಿತು

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ರಾತ್ರಿ ನಾನು ಇದನ್ನೇ ಬಿಡಿಸಿ ನೋಡುತ್ತಿದ್ದೆ. ಯಾರೂ ಹುಚ್ಚು ಕೆಲಸ ಮಾಡಿರಲಿಲ್ಲ. ಎಲ್ಲರೂ ಪ್ರೀತಿಯಿಂದ ಒಂದೊಂದು ಮಾಡಿದ್ದರು, ಎಲ್ಲ ಸೇರಿ ಕೂಸಿನ ಮೇಲೆ ಬಿದ್ದಿತ್ತು.

ಕಾಲಿನ ವಿಷಯ ಮೊದಲು. ನವಜಾತ ಕೂಸಿನ ಕೈಕಾಲು ತಣ್ಣಗೇ ಇರುತ್ತವೆ, ಒಮ್ಮೊಮ್ಮೆ ನೀಲಿ ಕೂಡ ಕಾಣುತ್ತವೆ, ರಕ್ತ ಓಡಾಟ ಅಲ್ಲಿಯವರೆಗೆ ಇನ್ನೂ ಸರಿಯಾಗಿ ಪಳಗಿರುವುದಿಲ್ಲ. ಮೈ ಬಿಸಿ ನೋಡಬೇಕಾದ್ದು ಕತ್ತಿನ ಹಿಂದೆ, ಎದೆ, ಬೆನ್ನು. ಅವ್ವ ಮುಟ್ಟಿದ್ದು ಕಾಲು. ಒಳಗೆ ಸುಡುತ್ತಿದ್ದಾಗ ಕಾಲು ತಣ್ಣಗಿದೆ ಅಂತ ಇನ್ನೊಂದು ಮಡಿಕೆ. ಕೂಸು ನಮ್ಮ ಹಾಗೆ ಬೆವರುವುದೂ ಇಲ್ಲ, ಬೆವರಿಲ್ಲ ಅಂದರೆ ಸೆಕೆ ಇಲ್ಲ ಅಂತ ಅಲ್ಲ. ಇಷ್ಟು ಸಣ್ಣ ಮೈಯಲ್ಲಿ ತಲೆಯೇ ದೊಡ್ಡದು, ಬಿಸಿ ಜಾಸ್ತಿ ಹೊರಗೆ ಹೋಗುವುದು ಅಲ್ಲಿಂದ. ಕುಂಚಿಗೆ ಅದನ್ನೂ ಮುಚ್ಚಿತ್ತು. ಘಾಟಿನಲ್ಲಿ ಸರಿಯಾಗಿದ್ದ ಹೊದಿಕೆಯನ್ನು ಬಯಲಿಗೆ ಬಂದಮೇಲೆ ಯಾರೂ ಬದಲಿಸಲಿಲ್ಲ, ಕಥೆ ಅಷ್ಟೇ. ನಾವು ದೊಡ್ಡವರು ಸ್ವೆಟರ್ ತೆಗೆದಿದ್ದೆವು. ನಾನು ಎಷ್ಟು ಬಟ್ಟೆ ಹಾಕಿಕೊಂಡಿದ್ದೇನೋ ಕೂಸಿಗೆ ಅದಕ್ಕಿಂತ ಒಂದು ಪದರ ಜಾಸ್ತಿ, ಅಷ್ಟು ಸಾಕು.

ಸೀಟು. ತಲೆ ಹಿಂದೆ ದಪ್ಪ ಬಟ್ಟೆ ಇಟ್ಟರೆ ತಲೆ ಮುಂದೆ ಬಾಗುತ್ತದೆ. ಕತ್ತು ಇನ್ನೂ ನಿಲ್ಲದ ಕೂಸಿಗೆ ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿಯೇ ಕಿರಿದಾಗುತ್ತದೆ. ಅದರಲ್ಲೂ ತೂಕ ಕಡಿಮೆ ಇದ್ದರೆ ಇನ್ನೂ ಸೂಕ್ಷ್ಮ. ಸೀಟು ಬೇಡ ಅಂತ ನಾನು ಹೇಳುತ್ತಿಲ್ಲ, ಈಗಲೂ ಸೀಟಿನ ಪರವೇ. ಆದರೆ ಮೊದಲ ವಾರಗಳಲ್ಲಿ ಒಂದೇ ಸಮ ಅರ್ಧ ತಾಸು, ಆಮೇಲೆ ತೆಗೆದು ಚಪ್ಪಟೆಯಾಗಿ ಮಲಗಿಸಬೇಕು. ನಮ್ಮ ಕೂಸು ಖಾನಾಪುರದಿಂದ ಯರಗಟ್ಟಿಯ ತನಕ, ಬೆಳಗಾವಿಯಲ್ಲಿ ಗಾಡಿ ನಿಂತಾಗಲೂ, ಅದೇ ಸೀಟಿನಲ್ಲೇ ಇತ್ತು. ಪಕ್ಕದಲ್ಲಿ ಇಬ್ಬರು ಕೂತಿದ್ದರು. ಅವರಿಗೆ ಕಂಡದ್ದು ಕುಂಚಿಗೆಯ ಚುಂಗು ಮಾತ್ರ, ಮುಖ ಕಂಡಿರಲಿಲ್ಲ.

ಆದರೆ ಇವೆಲ್ಲಕ್ಕೂ ಬೇರು ಒಂದೇ ಮಾತು: ಮಲಗಿದೆ. ಅತ್ತಿದ್ದರೆ ಐದು ನಿಮಿಷಕ್ಕೇ ಗಾಡಿ ನಿಲ್ಲುತ್ತಿತ್ತು. ಅಳುವ ಕೂಸಿಗೆ ಹತ್ತು ಜನ ಓಡಿ ಬರುತ್ತಾರೆ. ಮಲಗಿದ ಕೂಸನ್ನು ಎಲ್ಲರೂ ಹೊಗಳುತ್ತಾರೆ. ಗಾಡಿಯ ಓಲಾಟ, ಎಂಜಿನ್ನಿನ ಗುಂಯ್ ಸದ್ದು, ಸೆಕೆ, ಅರೆಹೊಟ್ಟೆ ಎಲ್ಲ ಸೇರಿ ಕೂಸು ಮಂಕಾಗುತ್ತದೆ. ಮಂಕಾದ ಕೂಸು ಹಸಿವಾದರೂ ಅಳುವುದಿಲ್ಲ, ಹಾಲು ಹೋಗದೆ ಮತ್ತಷ್ಟು ಮಂಕು. ಹೊರಗಿನಿಂದ ನೋಡುವವರಿಗೆ ಅದೂ ನಿದ್ದೆ, ಇದೂ ನಿದ್ದೆ. ಎಬ್ಬಿಸಿ ನೋಡದೆ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಗೋವಾದ ಡಾಕ್ಟರು ಅದನ್ನೇ ಹೇಳಿ ಕಳಿಸಿದ್ದರು, ಅಲ್ವಾ? ಅಳಿಯನಿಗೆ ಆ ಹಿಂದಿ ಅರ್ಥವಾಗಿತ್ತು, ಅವ್ವನಿಗೆ ಆಗಿರಲಿಲ್ಲ. ಕೂಸಿನ ಪಕ್ಕ ಕೂತವಳು ಅವ್ವ. ಅವಳಿಗೆ ಕನ್ನಡದಲ್ಲಿ ಕೂರಿಸಿ ಹೇಳಬೇಕಾದವಳು ನಾನು, ವಾಂತಿ ಮಾತ್ರೆ ನುಂಗಿ ಮುಂದೆ ಕೂತಿದ್ದೆ.

ಆಮೇಲೆ

ಮರುದಿನ ಸಂಜೆ ಊರು ಮುಟ್ಟಿದೆವು. ಹೊಸಲಿನಲ್ಲಿ ನಮ್ಮ ಅತ್ತೆ ಅನ್ನದ ಉಂಡೆ ನಿವಾಳಿಸಿ ಒಗೆದಳು. ಯಾರೋ ಜೇನು ನೆಕ್ಕಿಸಲು ಬಂದರು, ಒಂದು ವರ್ಷದ ತನಕ ಜೇನು ಇಲ್ಲ ಅಂತ ನಾನು ಅಡ್ಡ ನಿಂತೆ. ಸೆಟಗೊಂಡರು, ಹೋಗಲಿ. ಅವ್ವ ಏನೂ ಅನ್ನಲಿಲ್ಲ. ಬಾಣಂತಿಯ ಖೋಲಿಯಲ್ಲಿ ಒಂದು ತಂಬಿಗೆ ನೀರು ಸದಾ ಇರುವುದನ್ನು ಮಾತ್ರ ಅಂದಿನಿಂದ ಕಂಡೆ. ಪಥ್ಯ ಅಲ್ಲಿಗೆ ಮುರಿಯಿತು. ಅಳವಿ ಪಾಯಸ, ಅಂಟಿನುಂಡಿ ಮುಂದುವರಿದವು, ಅವುಗಳ ಮೇಲೆ ನನಗೇನೂ ತಕರಾರಿಲ್ಲ. ಅಗ್ಗಿಷ್ಟಿಕೆಯ ಹೊಗೆಯ ಜಗಳ ಬೇರೆ ಇದೆ, ಅದು ಇನ್ನೊಂದು ದಿನಕ್ಕಿರಲಿ. ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಮನೆಗೆ ಬಂದು ತೂಕ ನೋಡಿದಳು. ಆರು ವಾರದ ಲಸಿಕೆಗಳನ್ನು, ಪೆಂಟಾ, ಪೋಲಿಯೊ, ರೋಟಾ, ನ್ಯುಮೋನಿಯಾದ್ದು, ನಾನೇ ನಮ್ಮ ಕೇಂದ್ರದಲ್ಲಿ ಹಾಕಿದೆ. ಗೋವಾದ ಕಾರ್ಡ್ ಇಲ್ಲೂ ನಡೆಯಿತು. ಆ ದಿನ ತೂಕ 3.2.

ಈಗ ನಮ್ಮ ಕೇಂದ್ರಕ್ಕೆ ಪುಣೆ, ಗೋವಾ, ಮಂಗಳೂರಿಂದ ಬಾಣಂತಿ ಬರುತ್ತಾಳೆ ಅಂತ ಯಾರಾದರೂ ಕೇಳಲು ಬಂದರೆ ನಾನು ಮೊದಲು ಕೇಳುವುದು ಗಾಡಿ ಯಾವುದು ಅಂತ ಅಲ್ಲ. ಕೂಸಿನ ಪಕ್ಕ ಯಾರು ಕೂರುತ್ತಾರೆ, ಅವರ ಫೋನ್ ನಂಬರ್ ಕೊಡಿ ಅನ್ನುತ್ತೇನೆ. ಅವರಿಗೇ ನೇರವಾಗಿ ಹೇಳುತ್ತೇನೆ, ಗಂಡನ ಮೂಲಕ ಅಲ್ಲ. ಹುಟ್ಟಿದ ತೂಕಕ್ಕೆ ಮರಳದೆ ಹೊರಡಬೇಡಿ. ನಿಲ್ಲುವ ಜಾಗವನ್ನು ಪಾಯಖಾನೆ ನೋಡಿ ಆರಿಸಿ, ಪೆಟ್ರೋಲ್ ಬಂಕ್, ದೊಡ್ಡ ಬಸ್ ಸ್ಟ್ಯಾಂಡ್, ಯಾವುದಾದರೂ. ಬಾಣಂತಿ ಧೈರ್ಯವಾಗಿ ನೀರು ಕುಡಿಯುವುದು ಆಗಲೇ. ನಿಂತಾಗಲೆಲ್ಲ ಅವಳೂ ಇಳಿದು ನಾಲ್ಕು ಹೆಜ್ಜೆ ನಡೆಯಲಿ. ದಾರಿಯ ಯಾವ ಊರಲ್ಲಿ ಆಸ್ಪತ್ರೆ ಇದೆ ಅಂತ ಮೊದಲೇ ನೋಡಿಕೊಳ್ಳಿ. ಮೊಬೈಲಿನಲ್ಲಿ ಎರಡು ತಾಸಿಗೆ ಅಲಾರಾಂ ಇಡಿ, ಅದು ಹೊಡೆದಾಗ ಕೂಸು ಹೇಗೇ ಇರಲಿ ಗಾಡಿ ನಿಲ್ಲಲಿ.

ಕೌದಿ ಈಗ ತೊಟ್ಟಿಲಲ್ಲಿ ಕೂಸಿನ ಕೆಳಗಿದೆ, ಮೇಲೆ ಹೊದಿಸುವುದಿಲ್ಲ. ಮೊನ್ನೆ ಮಧ್ಯಾಹ್ನ ನಾನು ಒಪಿಡಿಯಲ್ಲಿದ್ದಾಗ ಅದೇ ಡ್ರೈವರ್ ಹುಡುಗನ ಫೋನು. ಪುಣೆಯಿಂದ ಇನ್ಯಾರದೋ ಬಾಣಂತಿಯನ್ನು ಕರೆತರುತ್ತಿದ್ದನಂತೆ, ಸೊಲ್ಲಾಪುರ ದಾಟಿ ವಿಜಯಪುರದ ಹಾದಿಯಲ್ಲಿದ್ದ. "ಅಕ್ಕಾರ, ಎರಡ ತಾಸ ಆತರಿ. ಕೂಸು ಮಲಗೇತಿ, ಹಿರ್ಯಾರು ಎಬ್ಬಸಬ್ಯಾಡ ಅನ್ನಾಕತ್ತಾರ. ನಾ ಗಾಡಿ ಸೈಡಿಗಿ ಹಾಕೇನಿ, ನೀವ ಒಂದೀಟ ಅವರಿಗೆ ಹೇಳ್ರಿ," ಅಂತ ಫೋನನ್ನು ಹಿಂದಿನ ಸೀಟಿಗೆ ಕೊಟ್ಟ.